ಶಾಲೆಗೆ ಬಂದ ಸೊಳ್ಳೆ ಪಾಠ: ಕರೆಸಬಹುದಾ? ಖಂಡಿತ ಕರೆಸಿ, ಆದರೆ ಮೊದಲು ಇಷ್ಟು ಕೇಳಿಕೊಳ್ಳಿ

ಧಾರವಾಡದಲ್ಲಿ ನಮ್ಮದೊಂದು ಸಣ್ಣ ಔಷಧಿ ಅಂಗಡಿ ಇದೆ. ಮಗ ಹತ್ತಿರದ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೇ ಇಯತ್ತೆ ಓದುತ್ತಾನೆ. ನಾನು ಅಲ್ಲಿನ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ. ಜುಲೈ ಅಂದರೆ ಡೆಂಗಿ ವಿರೋಧಿ ಮಾಸ. ಆ ತಿಂಗಳು ನಮ್ಮ ಭಾಗದ ಆರೋಗ್ಯ ಕೇಂದ್ರದವರು ಶಾಲೆಗೆ ಬಂದು ಡೆಂಗಿ, ಮಲೇರಿಯಾ, ಚಿಕೂನ್‌ಗುನ್ಯ ಬಗ್ಗೆ ಮಕ್ಕಳಿಗೆ ಪಾಠ ಮಾಡಿದರು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಒಂದು ಮುಂಜಾನೆ ಬಿಡುವು ಮಾಡಿಕೊಟ್ಟರೆ ಸಾಕು. ಈಗ ಬೇರೆ ಶಾಲೆಯ ಪಾಲಕರು ಅಂಗಡಿಗೆ ಬಂದಾಗ "ಹೆಂಗಿತ್ರೀ, ನಮ್ಮಲ್ಲೂ ಕರಸೂಣೇನ್ರಿ?" ಅಂತ ಕೇಳುತ್ತಾರೆ. ಪ್ರತಿಯೊಬ್ಬರಿಗೂ ನಿಂತು ಹೇಳಲು ಆಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿನ ಅರ್ಧ ಗಂಟೆ ನನಗೆ ಹಿಡಿಸಲಿಲ್ಲ. ಬ್ಯಾನರ್ ಕಟ್ಟಿದರು, ಸ್ವಾಗತ ಆಯಿತು, ಭಾಷಣ ಆಯಿತು, ಬಲಗೈ ಚಾಚಿ ಪ್ರತಿಜ್ಞೆ ಮಾಡಿಸಿದರು, ಫೋಟೊ ತೆಗೆದರು. ಮಕ್ಕಳು ಹೇಳಿಕೊಟ್ಟದ್ದನ್ನೆಲ್ಲ ಜೋರಾಗಿ ಹೇಳಿದರು. "ಸೊಳ್ಳೆ ಓಡಿಸಿ, ರೋಗ ತಡೆಯಿರಿ" ಅಂತ ಕೂಗಿದ ಮಗುವಿಗೆ ಮನೆಗೆ ಹೋಗಿ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ನಾನೇ ಪಕ್ಕದಲ್ಲಿ ಕೂತಿದ್ದ ಮಗುವನ್ನು ಕೇಳಿದೆ. "ಓಡಸಬೇಕ್ರಿ" ಅಂದಿತು, ಅಷ್ಟೇ. ಸಣ್ಣ ಮಕ್ಕಳನ್ನು ಅಂಗಳದಲ್ಲಿ ನೆಲದ ಮೇಲೆ ಕೂರಿಸಿದ್ದರು. ಚಡ್ಡಿ, ಸ್ಕರ್ಟು ಹಾಕಿದ ಮಕ್ಕಳ ಮೊಣಕಾಲ ಕೆಳಗೆ ಪೂರಾ ಬರಿಗಾಲು. ಡೆಂಗಿ, ಚಿಕೂನ್‌ಗುನ್ಯ ಎರಡನ್ನೂ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಕಚ್ಚುವುದೇ ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದೆರಡು ತಾಸು, ಆಮೇಲೆ ಸಂಜೆ ಮುಳುಗುವ ಮುಂಚೆ. ಮಕ್ಕಳನ್ನು ಕೋಣೆಯೊಳಗೆ ಕೂರಿಸಿ ಅಂತ ಯಾರಾದರೂ ಹೇಳಬೇಕಿತ್ತು. ನಾನು ಹೇಳಿದೆ. ಒಳಗೆ ಹೋದ ಮೇಲೆಯೇ ನಿಜವಾದ ಪಾಠ ಶುರುವಾಯಿತು.

ಆರೋಗ್ಯ ನಿರೀಕ್ಷಕರು ಚೀಲದಿಂದ ಎರಡು ಗಾಜಿನ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರು. ಒಂದರಲ್ಲಿ ತಿಳಿ ನೀರು, ಇನ್ನೊಂದರಲ್ಲಿ ಗಟಾರದ ಬಗ್ಗಡ. ಎರಡರಲ್ಲೂ ಹುಳ ಮೇಲೆ ಕೆಳಗೆ ಆಡುತ್ತಿದ್ದವು. ಬಾಟಲಿಗೆ ಬೆರಳಿನಿಂದ ತಟ್ಟಿದರೆ ಎಲ್ಲ ಒಮ್ಮೆಲೇ ತಳಕ್ಕೆ ಹೋಗುತ್ತವೆ. ಸ್ವಲ್ಪ ಹೊತ್ತಿಗೆ ಉಸಿರಾಡಲು ಮತ್ತೆ ಮೇಲೆ ಬರುತ್ತವೆ. ಬಾಲದ ತುದಿಯ ಸಣ್ಣ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗೆ ಮಾಡಿ ತೂಗಾಡುತ್ತವೆ. ಮಕ್ಕಳು ಬೆಂಚು ಬಿಟ್ಟು ಎದ್ದು ಬಂದರು. ಯಾರೂ ಗದರಲಿಲ್ಲ. ಅದು ನನಗೆ ಬಹಳ ಇಷ್ಟವಾಯಿತು.

"ಯಾವ ಬಾಟ್ಲಿಯಾಗ ಡೆಂಗಿ ಸೊಳ್ಳಿ ಹುಳ ಅದಾವು?" ಅಂತ ಸರ್ ಕೇಳಿದರು. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಗಟಾರದ ಬಾಟಲಿ ತೋರಿಸಿದರು. ಹಿಂದೆ ನಿಂತಿದ್ದ ಕೆಲವು ತಾಯಂದಿರೂ ಅದನ್ನೇ ತೋರಿಸಿದರು. ಉತ್ತರ ತಿಳಿ ನೀರಿನ ಬಾಟಲಿ. ಗಟಾರದಲ್ಲಿ ಬೆಳೆಯುವುದು ಕ್ಯೂಲೆಕ್ಸ್. ಅದು ಆನೆಕಾಲು ರೋಗ ಹರಡುವ ಜಾತಿ. ಈಡಿಸ್‌ಗೆ ಬೇಕಾದದ್ದು ನಮ್ಮ ಮನೆಯ ಒಳ್ಳೆಯ ನೀರು. ಬ್ಯಾರಲ್, ಸಿಮೆಂಟಿನ ತೊಟ್ಟಿ, ಕೂಲರ್, ಫ್ರಿಜ್ ಹಿಂದಿನ ತಟ್ಟೆ, ಹೂಕುಂಡದ ಕೆಳಗಿನ ಬಟ್ಟಲು. ಮಲೇರಿಯಾದ ಅನಾಫಿಲಿಸ್ ಹುಳ ನೀರಿನ ಮೇಲ್ಮೈಯಲ್ಲಿ ಅಡ್ಡಡ್ಡ ಮಲಗುತ್ತದೆ ಅಂತ ಚಾರ್ಟಿನಲ್ಲಿ ತೋರಿಸಿದರು. ಮೊಟ್ಟೆ, ಹುಳ, ಕೋಶ, ಸೊಳ್ಳೆ ಹೀಗೆ ನಾಲ್ಕು ಹಂತ. ನಮ್ಮ ಈ ಹವಾಮಾನದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. ಕಚ್ಚುವುದು ಹೆಣ್ಣು ಮಾತ್ರ, ಅದೂ ಮೊಟ್ಟೆ ಬಲಿಯಲು ರಕ್ತ ಬೇಕು ಅನ್ನುವ ಕಾರಣಕ್ಕೆ. ಇದನ್ನು ಕೇಳಿ ಏಳನೇ ಇಯತ್ತೆಯ ಒಬ್ಬ ಹುಡುಗ "ಹಂಗಾದ್ರ ಗಂಡು ಸೊಳ್ಳಿ ಏನ್ ತಿಂತೈತ್ರಿ ಸರ್?" ಅಂದ. ಹೂವಿನ ರಸ, ಗಿಡದ ರಸ ಅಂತ ಸರ್ ಹೇಳಿದರು. ಆ ಹುಡುಗ ಕಾರ್ಯಕ್ರಮ ಮುಗಿಯುವವರೆಗೂ ಬಾಟಲಿ ಬಿಟ್ಟು ಕದಲಲಿಲ್ಲ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅನ್ನುವ ವೈದ್ಯ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡುಹಿಡಿದ ಕಥೆಯನ್ನೂ ಸರ್ ಚೆನ್ನಾಗಿ ಹೇಳಿದರು. ಸೊಳ್ಳೆ ಸೀಳಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದ ಮನುಷ್ಯ. ಅದಕ್ಕೆ 1902ರಲ್ಲಿ ನೊಬೆಲ್ ಬಂತು. ನಮ್ಮ ಪಕ್ಕದ ಊರಿನಲ್ಲೇ ನಡೆದದ್ದು ಅನ್ನಿಸಿ ಮಕ್ಕಳು ಕಿವಿಗೊಟ್ಟು ಕೇಳಿದರು.

ಆಮೇಲೆ ಎಲ್ಲರನ್ನೂ ಶಾಲೆಯ ಹಿತ್ತಲಿಗೆ ಕರೆದುಕೊಂಡು ಹೋದರು. ಅಂಗಳಕ್ಕೆ ಚಂದ ಕಾಣಲಿ ಅಂತ ಹಳೇ ಟೈರುಗಳಿಗೆ ಕೆಂಪು, ಹಳದಿ ಬಣ್ಣ ಬಳಿದು ಅರ್ಧ ಹೂತು ಸಾಲಾಗಿ ನಿಲ್ಲಿಸಿದ್ದೆವು. ಎಷ್ಟೋ ಸರಕಾರಿ ಶಾಲೆಗಳಲ್ಲಿ ಹೀಗೇ ಇರುತ್ತವೆ, ನೋಡಿರುತ್ತೀರಿ. ಧಾರವಾಡದ ಜಿಟಿಜಿಟಿ ಮಳೆ ನಿಂತು ನಿಂತು ಬೀಳುತ್ತದೆ. ಅವುಗಳ ಒಳಗೆ ನೀರು ನಿಂತಿತ್ತು. ಸರ್ ಊಟದ ಸೌಟಿನಂಥ ಒಂದು ಬಿಳಿ ಸೌಟು ಹಾಕಿ ನೀರೆತ್ತಿದರು. ಬಿಳಿ ಹಿನ್ನೆಲೆಯ ಮೇಲೆ ಹುಳ ಎದ್ದು ಕಂಡವು. ಅಲ್ಲಿಂದ ಮಕ್ಕಳೇ ಮುಂದೆ ಹೋದರು. ಒಡೆದ ಹಂಚಿನ ರಾಶಿಯಲ್ಲಿ ನೀರು. ಬಿಸಿಯೂಟದ ಕೋಣೆಯ ಹಿಂದೆ ಬಿದ್ದ ತೆಂಗಿನ ಪರಟಿಯಲ್ಲಿ ನೀರು. ಚಹಾ ಕುಡಿದು ಎಸೆದ ಪ್ಲಾಸ್ಟಿಕ್ ಕಪ್ಪಿನಲ್ಲೂ ನೀರು. ಎರಡು ಗುಟುಕಿನಷ್ಟು ನೀರಿದ್ದರೂ ಹುಳ ಆಗುತ್ತವೆ ಅಂತ ಆಗಲೇ ಅವರಿಗೆ ಮನದಟ್ಟಾಗಿದ್ದು. ಅಕ್ಕೋರು ಸುಮ್ಮನೆ ನಿಂತು ನೋಡಲಿಲ್ಲ. ಅಲ್ಲೇ ಟೈರುಗಳಿಗೆ ಮಣ್ಣು ತುಂಬಿಸಲು ಆಳು ಕರೆಸಿದರು.

ಇಡೀ ಕಾರ್ಯಕ್ರಮದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಒಂದು ಪ್ರಶ್ನೆ. ನೀರು ನಿಲ್ಲಿಸಬೇಡಿ, ಪಾತ್ರೆ ಖಾಲಿ ಮಾಡಿ ಅಂತ ಸರ್ ಹೇಳುತ್ತಿದ್ದಾಗ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ನಮ್ಮ ಓಣ್ಯಾಗ ನಳಕ್ಕ ವಾರಕ್ಕೊಮ್ಮೆ ನೀರ ಬರ್ತೈತ್ರಿ. ಬ್ಯಾರಲ್ ಖಾಲಿ ಮಾಡಿದ್ರ ಕುಡಿಯೂದೇನ್ರಿ?"

ಈ ಪ್ರಶ್ನೆಗೆ ಉತ್ತರ ಇಲ್ಲದ ಸೊಳ್ಳೆ ಪಾಠ ನಮ್ಮ ಊರಿಗೆ ಉಪಯೋಗವಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ವಾರ್ಡಿಗೆ ದಿನದ 24 ಗಂಟೆ ನೀರಿದೆ. ಇನ್ನು ಕೆಲವು ಓಣಿಗಳಲ್ಲಿ ನೀರು ಬರುವ ದಿನಕ್ಕಾಗಿ ಕಾದು ಕೂರುತ್ತಾರೆ. ಗದಗ ಕಡೆಯ ನನ್ನ ತವರಿನಲ್ಲಿ ಇನ್ನೂ ಕಷ್ಟ. ಬಂದ ದಿನ ಬ್ಯಾರಲ್, ಕೊಡ, ಹಂಡೆ, ಬಕೆಟ್, ಏನು ಸಿಕ್ಕರೆ ಅದಕ್ಕೆಲ್ಲ ತುಂಬಿಟ್ಟುಕೊಳ್ಳುವ ಹೆಂಗಸಿಗೆ "ನೀರು ಕೂಡಿಡಬೇಡಿ" ಅನ್ನುವುದು ಸರಿಯಾ? ಸೊಳ್ಳೆ ಏಳು ದಿನಕ್ಕೆ ತಯಾರಾಗುತ್ತದೆ, ನೀರು ಏಳು ದಿನಕ್ಕೆ ಬರುತ್ತದೆ. ಎರಡೂ ಒಂದೇ ಲೆಕ್ಕದಲ್ಲಿ ನಡೆಯುತ್ತಿವೆ.

ಸರ್ ಆ ಹುಡುಗಿಗೆ ಶಭಾಸ್ ಅಂದು, ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆಯನ್ನು ಮುಂದೆ ಕರೆದರು. ಅವರು ನಮ್ಮ ಓಣಿಗಳಲ್ಲೇ ಮನೆಮನೆ ಸುತ್ತುವವರು. ಯಾವ ಮನೆಯಲ್ಲಿ ಎಷ್ಟು ಬ್ಯಾರಲ್ ಇವೆ ಅನ್ನುವುದೂ ಗೊತ್ತು. ಅವರು ಹೇಳಿದ್ದು ಹೀಗೆ. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನೊಳಗೆ ಅಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬ್ಯಾರಲ್ಲಿನ ಒಳಗೋಡೆಗೆ. ಅಲ್ಲಿ ಅಂಟಿಕೊಂಡು ಕೂರುತ್ತವೆ. ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ. ಮತ್ತೆ ನೀರು ತಾಗಿದ ಕೂಡಲೇ ಒಡೆದು ಹುಳ ಬರುತ್ತವೆ. ಹಾಗಾಗಿ ಬರೀ ಹಳೇ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಸಾಲದು. ನೀರು ಬರುವ ಹಿಂದಿನ ದಿನ ಉಳಿದ ನೀರನ್ನು ಬಟ್ಟೆ ಒಗೆಯಲು, ಬಚ್ಚಲಿಗೆ, ಗಿಡಕ್ಕೆ ಬಳಸಿ ಖಾಲಿ ಮಾಡಿ. ಆಮೇಲೆ ತೆಂಗಿನ ನಾರು ತಗೊಂಡು ಒಳಗಿನ ಗೋಡೆ ಗಸಗಸ ತಿಕ್ಕಿ. ಬಾಯಿಯ ಅಂಚಿನವರೆಗೂ ತಿಕ್ಕಿ. ಆ ತೊಳೆದ ನೀರನ್ನು ಬಿಸಿಲಿರುವ ಮಣ್ಣಿನ ಮೇಲೆ ಚೆಲ್ಲಿ, ಇನ್ನೊಂದು ಪಾತ್ರೆಗೆ ಬೇಡ. ನೀರು ತುಂಬಿದ ಮೇಲೆ ಹಳೇ ಕಾಟನ್ ಸೀರೆ ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಿ. ತಟ್ಟೆ ಮುಚ್ಚಿದರೆ ಸಂದಿ ಉಳಿಯುತ್ತದೆ.

ಬರೀ ಬಾಯಲ್ಲಿ ಹೇಳಿ ಬಿಡಲಿಲ್ಲ. ಶಾಲೆಯ ಬ್ಯಾರಲ್ ಒಂದನ್ನು ಮಲಗಿಸಿ ಮಕ್ಕಳಿಂದಲೇ ತಿಕ್ಕಿಸಿದರು, ಸೀರೆ ಕಟ್ಟಿಸಿದರು. ಎಲ್ಲಿ ಸಡಿಲ ಇದೆ ಅಂತ ಬೆರಳು ತೂರಿಸಿ ನೋಡಿದರು. ಈ ಭಾಗಕ್ಕೆ ಮಾತ್ರ ನಾನು ಪೂರ್ತಿ ಅಂಕ ಕೊಡುತ್ತೇನೆ.

ಅದು ಮನೆಯವರೆಗೂ ಬಂತು ಅನ್ನುವುದಕ್ಕೆ ನಾನೇ ಸಾಕ್ಷಿ. ಮಕ್ಕಳಿಗೆ ಒಂದು ಕಾರ್ಡು ಕೊಟ್ಟಿದ್ದರು. ವಾರಕ್ಕೊಮ್ಮೆ ಮನೆಯ ನೀರಿನ ಜಾಗಗಳನ್ನೆಲ್ಲ ನೋಡಿ ಗುರುತು ಹಾಕಬೇಕು, ಶನಿವಾರ ಅಕ್ಕೋರಿಗೆ ತೋರಿಸಬೇಕು. ನನ್ನ ಮಗ ಮಾಳಿಗೆ ಹತ್ತಿ ಟ್ಯಾಂಕಿನ ನೀರು ಹೊರಹೋಗುವ ಪೈಪಿಗೆ ಜಾಳಿಗೆ ಇಲ್ಲ ಅಂತ ಕಂಡುಹಿಡಿದ. ಪಕ್ಕದ ಮನೆಯ ಅಜ್ಜಿಗೆ ಮೊದಲು ಸಿಟ್ಟು ಬಂತು. "ನಮ್ಮ ಬ್ಯಾರಲ್ದಾಗ ಕೈ ಹಾಕಾಕ ನೀ ಯಾರೋ? ಗುಂಗಾಡ ಏನ್ ಇವತ್ತ ಹುಟ್ಟ್ಯಾವೇನು?" ಅಂದರು. ಮಗ ವಾದ ಮಾಡಲಿಲ್ಲ. ಒಂದು ಬಿಳಿ ಬಟ್ಟಲಲ್ಲಿ ಅವರದೇ ಬ್ಯಾರಲ್ಲಿನ ನೀರು ತೆಗೆದು ಬಿಸಿಲಿಗೆ ಹಿಡಿದ. ಹುಳ ನೋಡಿದ ಅಜ್ಜಿ ಮಾತಾಡದೆ ಒಳಗೆ ಹೋಗಿ ತಮ್ಮ ಇಳಕಲ್ ಸೀರೆಯ ಹಳೇ ತುಂಡು ತಂದುಕೊಟ್ಟರು. 2006ರಲ್ಲಿ ಚಿಕೂನ್‌ಗುನ್ಯ ಬಂದಾಗ ಗಂಟು ನೋವಿನಿಂದ ತಿಂಗಳಾನುಗಟ್ಟಲೆ ಗೋಡೆ ಹಿಡಿದು ನಡೆದವರು ಅವರು. ಆ ನೋವು ಯಾವ ನೀರಿನಿಂದ ಬಂದಿರಬಹುದು ಅಂತ ಇಷ್ಟು ವರ್ಷ ಯಾರೂ ಅವರಿಗೆ ತೋರಿಸಿರಲಿಲ್ಲ.

ಈಡಿಸ್ ಬಹಳ ದೂರ ಹಾರುವುದಿಲ್ಲ. ಸಾಮಾನ್ಯವಾಗಿ ಹುಟ್ಟಿದ ಜಾಗದ ಸುತ್ತಮುತ್ತ, ಕೆಲವು ನೂರು ಮೀಟರ್ ಒಳಗೇ ಇರುತ್ತದೆ. ಅಂದರೆ ನಮ್ಮನ್ನು ಕಚ್ಚುವ ಸೊಳ್ಳೆ ನಮ್ಮ ಓಣಿಯದ್ದೇ. ಒಂದು ಓಣಿಯ ಮಕ್ಕಳು ಸೇರಿದರೆ ಓಣಿಯ ಲೆಕ್ಕ ಬದಲಾಗುತ್ತದೆ. ಹೊಗೆ ಬಿಡುವ ಗಾಡಿ ಬಂದರೆ ನಾವೆಲ್ಲ ನಿಶ್ಚಿಂತರಾಗುತ್ತೇವೆ, ಅಲ್ವಾ? ಆ ಹೊಗೆ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಬ್ಯಾರಲ್ಲಿನ ಹುಳಕ್ಕೆ ಅದು ತಟ್ಟುವುದೇ ಇಲ್ಲ. ಇದನ್ನು ಮಕ್ಕಳಿಗೆ ಸ್ಪಷ್ಟವಾಗಿ ಹೇಳಿದ್ದು ಒಳ್ಳೆಯದಾಯಿತು.

ದಂಡದ ವಿಷಯವೂ ಬಂತು. 2024ರಲ್ಲಿ ಡೆಂಗಿ ಜಾಸ್ತಿಯಾದಾಗ ರಾಜ್ಯ ಸರಕಾರ ನಿಯಮ ಮಾಡಿತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದಲ್ಲಿ ಮನೆಗೆ 400 ರೂಪಾಯಿ, ಶಾಲೆ, ಅಂಗಡಿ, ಕಚೇರಿಗಳಿಗೆ 1000 ರೂಪಾಯಿ ದಂಡ. ದೊಡ್ಡವರಿಗೆ ಅದು ಗೊತ್ತಿರಲಿ. ಮಕ್ಕಳಿಗೆ ಅದನ್ನು ಹೇಳಿ ಹೆದರಿಸುವ ಅಗತ್ಯ ನನಗೆ ಕಾಣಲಿಲ್ಲ. ಬಾಟಲಿ ನೋಡಿದ ಮಗುವಿಗೆ ದಂಡದ ಮಾತು ಬೇಕಿಲ್ಲ.

ಶಾಲೆಯ ದೊಡ್ಡ ಸಿಮೆಂಟಿನ ತೊಟ್ಟಿಗೆ ಗಪ್ಪಿ ಮೀನು ಬಿಟ್ಟರು. ಹುಳ ತಿನ್ನುವ ಸಣ್ಣ ಮೀನು. ಕೆರೆಗೆ ತಗೊಂಡು ಹೋಗಿ ಬಿಡಬಾರದು ಅಂತಲೂ ಹೇಳಿದರು, ಹೊರಗಿನ ಮೀನು ಅಲ್ಲಿಯ ಮೀನುಗಳಿಗೆ ತೊಂದರೆ ಮಾಡುತ್ತದೆ. ಮಕ್ಕಳಿಗೆ ಈಗ ಅದೇ ಹುಚ್ಚು.

ಇನ್ನು ಕೊರತೆಗಳು. ಗೋಡೆಗೆ ಅಂಟಿಸಿದ ಚಿತ್ರದಲ್ಲಿ ಒಂದು ಮಗು ರಾತ್ರಿ ಸೊಳ್ಳೆಪರದೆಯೊಳಗೆ ಮಲಗಿತ್ತು. ಮಲೇರಿಯಾಕ್ಕೆ ಅದು ಸರಿ, ಅನಾಫಿಲಿಸ್ ಕಚ್ಚುವುದು ರಾತ್ರಿ. ಡೆಂಗಿಗೆ ಹಗಲಿನ ಚಿತ್ರ ಬೇಕಿತ್ತು. ಶಾಲೆಗೆ ಹೊರಟ ಮಗು, ಉದ್ದ ಪ್ಯಾಂಟು, ಪೂರ್ತಿ ತೋಳಿನ ಅಂಗಿ. ಗೋಡೆಯ ಆ ರಾತ್ರಿಯ ಚಿತ್ರ ನೋಡಿದ ಪಾಲಕರು ಮರುದಿನವೇ ನಮ್ಮ ಅಂಗಡಿಗೆ ಬಂದು ಕಾಯಿಲ್ ಕೇಳಿದರು. ಕಾಯಿಲ್ ಮಾರಿದರೆ ನನಗೆ ಲಾಭ. ಆದರೂ ಹೇಳುತ್ತೇನೆ, ಕಿಟಕಿ ಬಾಗಿಲು ಹಾಕಿ ಕಾಯಿಲ್ ಹಚ್ಚಿ ಮಕ್ಕಳನ್ನು ಮಲಗಿಸಬೇಡಿ. ದಮ್ಮು ಇರುವ ಮಗುವಿಗೆ ಅದು ಇನ್ನೂ ಕೆಟ್ಟದ್ದು. ಕೈಗೆ ಕಟ್ಟುವ ಬಣ್ಣದ ಬ್ಯಾಂಡ್ ಕಾಲಿಗೆ ಕಚ್ಚುವ ಸೊಳ್ಳೆಯನ್ನು ತಡೆಯುವುದಿಲ್ಲ. ಮೊಬೈಲಿನಲ್ಲಿ ಶಬ್ದ ಮಾಡಿ ಸೊಳ್ಳೆ ಓಡಿಸುವ ಆಪ್ ಯಾವ ಕೆಲಸಕ್ಕೂ ಬಾರದು. ಬೆಳಗ್ಗೆ ಶಾಲೆಗೆ ಕಳಿಸುವ ಮುಂಚೆ ಸೊಳ್ಳೆ ಕಚ್ಚದಂತೆ ಹಚ್ಚುವ ಮುಲಾಮು ಹಚ್ಚಿದರೆ ಉಪಯೋಗವಿದೆ. ನಿಮ್ಮ ಕೈಗೆ ಹಾಕಿಕೊಂಡು ಮಗುವಿನ ಕಾಲು, ತೋಳು, ಕುತ್ತಿಗೆಗೆ ಹಚ್ಚಿ. ಮಗುವಿನ ಅಂಗೈಗೆ ಬೇಡ, ಅದು ಕಣ್ಣು ಬಾಯಿಗೆ ಹೋಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಜ್ವರ ಬಂದರೆ ಏನು ಮಾಡಬೇಕು ಅಂತ ಮಕ್ಕಳಿಗೂ ಹೇಳಲಿಲ್ಲ, ಬಂದಿದ್ದ ತಾಯಂದಿರಿಗೂ ಹೇಳಲಿಲ್ಲ. ಇದನ್ನು ನಾನು ಬಿಡಲಾರೆ. ಮಳೆಗಾಲದಲ್ಲಿ ಮೈ ಕಾದ ಮಗುವನ್ನು ಹೆಗಲಿಗೆ ಹಾಕಿಕೊಂಡು ಅಂಗಡಿ ಮುಂದೆ ನಿಲ್ಲುವ ತಾಯಂದಿರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. "ಅಕ್ಕಾರ, ಮೈಕೈ ನೋವಂತೈತ್ರಿ, ಜೋರಿಂದೊಂದ್ ಗುಳಗಿ ಕೊಡ್ರಿ" ಅನ್ನುತ್ತಾರೆ. ಡೆಂಗಿ ಅನುಮಾನ ಇದ್ದರೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಇವನ್ನು ಕೊಡಲೇಬಾರದು. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಪ್ಯಾರಾಸಿಟಮಾಲ್ ಮಾತ್ರ, ಅದೂ ಮಗುವಿನ ತೂಕದ ಲೆಕ್ಕಕ್ಕೆ. ನೀರು, ಮಜ್ಜಿಗೆ, ಗಂಜಿ, ಓಆರ್‌ಎಸ್ ಬಿಡದೆ ಕುಡಿಸಬೇಕು. ಡೆಂಗಿ ಇದೆಯಾ ಅಂತ ನೋಡುವ ಎನ್‌ಎಸ್1 ರಕ್ತಪರೀಕ್ಷೆಯನ್ನು ಜ್ವರದ ಮೊದಲ ಐದು ದಿನದೊಳಗೆ ಮಾಡಿಸಬೇಕು.

ಎಲ್ಲರೂ ತಪ್ಪು ತಿಳಿಯುವುದು ಇಲ್ಲಿ: ಜ್ವರ ಇಳಿಯಿತು ಅಂದರೆ ವಾಸಿಯಾಯಿತು ಅಂತಲ್ಲ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ, ಹೆಚ್ಚುಕಡಿಮೆ ಮೂರರಿಂದ ಏಳನೇ ದಿನದ ನಡುವೆ, ಅಪಾಯದ ಹೊತ್ತು. ಆಗ ಹೊಟ್ಟೆ ಬಹಳ ನೋಯುತ್ತಿದ್ದರೆ, ವಾಂತಿ ನಿಲ್ಲದಿದ್ದರೆ, ಒಸಡಲ್ಲಿ, ಮೂಗಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗಿಯೇ ಇದ್ದರೆ, ಕೈಕಾಲು ತಣ್ಣಗಾದರೆ, ಮೂತ್ರ ಕಡಿಮೆಯಾದರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪಪ್ಪಾಯಿ ಎಲೆ ರಸ ಹುಡುಕುತ್ತಾ ಆ ಹೊತ್ತು ಕಳೆಯಬೇಡಿ. ಐದನೇ ಇಯತ್ತೆಯ ಮಗುವಿಗೂ ಇದು ಅರ್ಥವಾಗುತ್ತದೆ. "ಹೊಟ್ಟಿ ಭಾಳ ನೋಯಾಕತ್ತೈತಿ" ಅಂತ ಸಮಯಕ್ಕೆ ಬಾಯಿ ಬಿಟ್ಟು ಹೇಳುವ ಮಗು ತನ್ನ ಜೀವ ತಾನೇ ಉಳಿಸಿಕೊಳ್ಳಬಹುದು. ಇದನ್ನು ಕಲಿಸದೆ ಹೋಗಿದ್ದಕ್ಕೆ ನಾನು ಐದರಲ್ಲಿ ನಾಲ್ಕು ಅಂಕವಷ್ಟೇ ಕೊಡುತ್ತೇನೆ.

ಸಮಯವೂ ತಡವಾಯಿತು. ಜುಲೈ ಹೊತ್ತಿಗೆ ಟೈರಿನಲ್ಲಿ ಆಗಲೇ ಹುಳ ಇದ್ದವಲ್ಲ. ಶಾಲೆ ಶುರುವಾದ ಕೂಡಲೇ, ಜೂನ್ ಮೊದಲ ವಾರಗಳಲ್ಲಿ ಆಗಬೇಕಿತ್ತು.

ಕರೆಸುವವರು ಮುಖ್ಯೋಪಾಧ್ಯಾಯರಿಂದ ಹತ್ತಿರದ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಪತ್ರ ಕೊಡಿಸಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ಬರಲೇಬೇಕು ಅಂತ ಪತ್ರದಲ್ಲಿ ಬರೆಯಿರಿ. ಜ್ವರದ ವಿಷಯಕ್ಕೆ ಅರ್ಧ ಗಂಟೆ ಬೇರೆಯಾಗಿ ಇಡಲು ಕೇಳಿ, ಆ ಹೊತ್ತಿಗೆ ತಾಯಂದಿರನ್ನೂ ಕರೆಯಿರಿ. ಭಾಷಣ ಐದು ನಿಮಿಷಕ್ಕೆ ಮುಗಿಸಿ. ಒಂದು ಖಾಲಿ ಬ್ಯಾರಲ್, ತೆಂಗಿನ ನಾರು, ಬಿಳಿ ಬಟ್ಟಲು, ಹಳೇ ಸೀರೆ ತಯಾರಿಟ್ಟುಕೊಳ್ಳಿ. ಸಾಧ್ಯವಾದರೆ ನಿಮ್ಮ ಓಣಿಗೆ ನೀರು ಬರುವ ಹಿಂದಿನ ದಿನವೇ ಕಾರ್ಯಕ್ರಮ ಇಟ್ಟುಕೊಳ್ಳಿ. ಮಕ್ಕಳು ಅಂದೇ ಸಂಜೆ ಮನೆಯ ಬ್ಯಾರಲ್ ತಿಕ್ಕಲು ಕೂರುತ್ತಾರೆ.